ಓಟಿ ಹಣ ಸೋರುವುದು ಭಾಗಾಕಾರದಲ್ಲಿ

ಒಂದು ಸಂಬಳದ ಚೀಟಿ ಕೈಯಲ್ಲಿದೆ ಎಂದುಕೊಳ್ಳಿ. ತಿಂಗಳ ಸಂಬಳ 20,800. ಕೆಳಗೆ ಓಟಿಗೆ, ಅಂದರೆ ನಿಗದಿತ ಹೊತ್ತು ಮೀರಿ ದುಡಿದ ಓವರ್‌ಟೈಮಿಗೆ, ಒಂದೇ ಸಾಲು: ಗಂಟೆ 18.45, ದರ 173.33, ಮೊತ್ತ 3,197.94. ಕ್ಯಾಲ್ಕುಲೇಟರ್ ತೆಗೆದು ಗುಣಿಸಿ ನೋಡಿದರೆ ಅಷ್ಟೇ ಬರುತ್ತದೆ, ಒಂದು ಪೈಸೆಯೂ ಆಚೀಚೆ ಇಲ್ಲ. ಎಂಟು ಗಂಟೆಯ ಪಾಳಿ, ವಾರಕ್ಕೆ ಆರು ದಿನ, ಓಟಿಗೆ ದುಪ್ಪಟ್ಟು ಎಂಬುದು ಮಾತು. ಕೊಟ್ಟಿರುವುದೂ ದುಪ್ಪಟ್ಟೇ. ಆದರೂ ಈ ಒಂದು ಸಾಲಿನಲ್ಲಿ 552 ರೂಪಾಯಿ ಕಾಣೆಯಾಗಿದೆ.

ಈ ಚೀಟಿ ಲೆಕ್ಕ ಬಿಡಿಸಿ ತೋರಿಸಲೆಂದು ನಾನೇ ಬರೆದುಕೊಂಡದ್ದು. ರೂಪಾಯಿಯ ಜಾಗದಲ್ಲಿ ಯಾವ ದೇಶದ ನಾಣ್ಯ ಇಟ್ಟರೂ ಲೆಕ್ಕ ಬದಲಾಗುವುದಿಲ್ಲ. ಆದರೆ ಇದರೊಳಗಿನ ಎರಡು ತಪ್ಪುಗಳು ಕಲ್ಪನೆಯವಲ್ಲ. ಸಂಬಳದ ಲೆಕ್ಕ ನೋಡುವ ಯಾರಿಗಾದರೂ ಅವು ಪರಿಚಿತ.

ಓಟಿಯ ಮಾತು ಬಂದರೆ ಸಾಮಾನ್ಯವಾಗಿ ಚರ್ಚೆ ನಿಲ್ಲುವುದು ‘ಒಂದೂವರೆ ಪಟ್ಟೋ, ಎರಡು ಪಟ್ಟೋ’ ಎಂಬಲ್ಲಿ. ಅದು ಕಾನೂನಿನಲ್ಲಿ ಬರೆದಿಟ್ಟ ಅಂಕಿ, ಎಲ್ಲರ ಕಣ್ಣಿಗೂ ಬೀಳುತ್ತದೆ. ತಪ್ಪಾಗುವುದು ಅದಕ್ಕೂ ಮೊದಲು. ಎಷ್ಟು ಗಂಟೆ ಓಟಿ ಎಂದು ಎಣಿಸುವಾಗ, ಮತ್ತು ಒಂದು ಗಂಟೆಗೆ ಎಷ್ಟು ಎಂದು ಸಂಬಳವನ್ನು ಭಾಗಿಸುವಾಗ. ಭಾಗಿಸಿ ಬಂದ ದರವೇ ಕಡಿಮೆಯಾಗಿದ್ದರೆ ಅದನ್ನು ಎಷ್ಟು ಪಟ್ಟು ಮಾಡಿದರೂ ಕಡಿಮೆಯೇ.

ಪಟ್ಟಿನ ವಿಚಾರ ಬೇಗ ಮುಗಿಸಿಬಿಡೋಣ. 1919ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ತನ್ನ ಮೊಟ್ಟಮೊದಲ ಒಡಂಬಡಿಕೆಯಲ್ಲೇ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಮಿತಿ ಹಾಕಿತು. ಮಿತಿ ಮೀರಿದ ದುಡಿಮೆಗೆ ಕನಿಷ್ಠ ಒಂದೂಕಾಲು ಪಟ್ಟು ಕೊಡಬೇಕೆಂದೂ ಬರೆಯಿತು. ಅಮೆರಿಕ 1938ರ ಕಾಯ್ದೆಯಲ್ಲಿ ಒಂದೂವರೆ ಪಟ್ಟು ಮಾಡಿತು. ವಾರದ ಮಿತಿ ಮೊದಲು 44 ಗಂಟೆ, ಆಮೇಲೆ 42, 1940ರಿಂದ 40. ಭಾರತದ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದರೆ ಎರಡು ಪಟ್ಟು ಎಂದಿತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಓಟಿಗೆ ಎರಡು ಪಟ್ಟೇ ಉಳಿದಿದೆ. ಜಪಾನಿನಲ್ಲಿ ಮಾಮೂಲಿ ಓಟಿಗೆ ಶೇ 25 ಹೆಚ್ಚು, ತಿಂಗಳಿಗೆ 60 ಗಂಟೆ ದಾಟಿದ ಮೇಲಿನ ಭಾಗಕ್ಕೆ ಶೇ 50 ಹೆಚ್ಚು. ಸಣ್ಣ ಮತ್ತು ಮಧ್ಯಮ ಸಂಸ್ಥೆಗಳಿಗೂ ಈ ಶೇ 50 ಅನ್ವಯವಾದದ್ದು 2023ರ ಏಪ್ರಿಲ್‌ನಿಂದ.

ಹೆಚ್ಚು ದರಕ್ಕೆ ಕಾರಣ ಎರಡು. ದಿನದ ಹತ್ತನೇ ಗಂಟೆ ಮೊದಲ ಗಂಟೆಯಂತಲ್ಲ. ಮೈ ದಣಿದಿರುತ್ತದೆ, ಗಮನ ಚದುರಿರುತ್ತದೆ, ಮನೆಯಲ್ಲಿ ಇರಬೇಕಾದ ಹೊತ್ತು ಅದು. ಇನ್ನೊಂದು, ಆ ಗಂಟೆ ದುಬಾರಿಯಾದರೆ ಇರುವವರನ್ನೇ ಹಿಂಡುವ ಬದಲು ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಮಾಲೀಕರಿಗೇ ಅಗ್ಗವಾಗುತ್ತದೆ. ನಿರುದ್ಯೋಗ ತಾಂಡವವಾಡುತ್ತಿದ್ದ ಕಾಲದಲ್ಲಿ ಅಮೆರಿಕದ ಕಾಯ್ದೆ ಬಂದದ್ದು ಸುಮ್ಮನೆ ಅಲ್ಲ. ಈ ಎರಡು ಕಾರಣಗಳನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ಗೊಂದಲ ಬಂದ ಕಡೆಯಲ್ಲೆಲ್ಲ ನಿಯಮ ಯಾಕೆ ಹಾಗಿದೆ ಎಂಬುದು ಇವುಗಳಿಂದಲೇ ತಿಳಿಯುತ್ತದೆ.

ಯಾವ ಗಂಟೆ ಓಟಿ?

ದಿನದ ಮಿತಿ ಮೀರಿದ್ದು ಓಟಿಯೋ, ವಾರದ ಮಿತಿ ಮೀರಿದ್ದು ಓಟಿಯೋ? ಇದು ಮೊದಲ ಪ್ರಶ್ನೆ, ಉತ್ತರ ಕಾನೂನಿಂದ ಕಾನೂನಿಗೆ ಬೇರೆ. ಒಬ್ಬರು ಸೋಮವಾರ 11 ಗಂಟೆ, ಮಂಗಳವಾರ 10, ಬುಧವಾರ 7, ಗುರುವಾರ 6, ಶುಕ್ರವಾರ 6 ಗಂಟೆ ದುಡಿದರು ಎನ್ನೋಣ. ಒಟ್ಟು 40. ವಾರಕ್ಕೆ 40 ಎಂದಷ್ಟೇ ನೋಡುವ ಅಮೆರಿಕದ ಕೇಂದ್ರ ಕಾಯ್ದೆಯಲ್ಲಿ ಓಟಿ ಸೊನ್ನೆ. ದಿನಕ್ಕೆ 8 ಮೀರಿದ್ದನ್ನೂ ನೋಡುವ ಕ್ಯಾಲಿಫೋರ್ನಿಯಾದಲ್ಲಿ 3 ಮತ್ತು 2 ಸೇರಿ 5 ಗಂಟೆ. ದಿನಕ್ಕೆ 9 ಎನ್ನುತ್ತಿದ್ದ ಭಾರತದ ಕಾರ್ಖಾನೆ ಕಾಯ್ದೆಯ ಲೆಕ್ಕದಲ್ಲಿ 2 ಮತ್ತು 1 ಸೇರಿ 3. ದುಡಿದ ಹೊತ್ತು ಒಂದೇ, ಉತ್ತರ ಮೂರು.

ದಿನದ ಮಿತಿ, ವಾರದ ಮಿತಿ ಎರಡೂ ಇರುವ ಕಡೆ ಇನ್ನೊಂದು ಎಡವಟ್ಟಾಗುತ್ತದೆ. ಆರು ದಿನ ಹೀಗೆ ದುಡಿದರು: 11, 10, 9, 8, 8, 7. ಒಟ್ಟು 53. ದಿನಕ್ಕೆ 9 ಮೀರಿದ್ದು 3 ಗಂಟೆ, ವಾರಕ್ಕೆ 48 ಮೀರಿದ್ದು 5 ಗಂಟೆ. ಹಾಗಾದರೆ 8 ಗಂಟೆ ಓಟಿಯೇ? ಅಲ್ಲ, ಒಂದೇ ಗಂಟೆಯನ್ನು ಎರಡು ಸಲ ಎಣಿಸಿದಂತಾಗುತ್ತದೆ. ಮೊದಲು ದಿನದ ಹೆಚ್ಚುವರಿ 3 ತೆಗೆದಿಡಿ. ಉಳಿದದ್ದು 50. ಅದರಲ್ಲಿ 48 ಮೀರಿದ್ದು 2. ಒಟ್ಟು ಓಟಿ 5. ಇದೇ ಕ್ರಮವನ್ನು 11, 11, 8, 8, 6, 4 ಎಂಬ ವಾರಕ್ಕೆ ಹಾಕಿ ನೋಡಿ. ಒಟ್ಟು ಸರಿಯಾಗಿ 48, ವಾರದ ಹೆಚ್ಚುವರಿ ಏನೂ ಇಲ್ಲ, ಆದರೂ ಮೊದಲ ಎರಡು ದಿನದ 4 ಗಂಟೆ ಓಟಿಯೇ. ವಾರದ ಮೊತ್ತವನ್ನಷ್ಟೇ ನೋಡಿ ಪಟ್ಟಿ ಮಾಡಿದರೆ ಈ ನಾಲ್ಕು ಗಂಟೆ ತಾನಾಗಿ ಮಾಯವಾಗುತ್ತದೆ.

ಎರಡು ವಾರದ ಸರಾಸರಿ ತೆಗೆಯುವುದು ಇನ್ನೊಂದು ರೂಢಿ. ಒಂದು ವಾರ 56, ಮುಂದಿನ ವಾರ 40, ಸರಾಸರಿ 48, ಓಟಿ ಇಲ್ಲ ಎನ್ನುತ್ತಾರೆ. ಅಮೆರಿಕದ ನಿಯಮ ಸಾಮಾನ್ಯವಾಗಿ ಇದಕ್ಕೆ ಆಸ್ಪದ ಕೊಡುವುದಿಲ್ಲ; ಸತತ 168 ಗಂಟೆಯ ಒಂದೊಂದು ವಾರವೂ ಬೇರೆಬೇರೆಯಾಗಿಯೇ ಲೆಕ್ಕಕ್ಕೆ ಬರಬೇಕು, ಓಟಿ ತಪ್ಪಿಸಲೆಂದು ವಾರ ಶುರುವಾಗುವ ದಿನವನ್ನು ಹಿಂದೆ ಮುಂದೆ ಮಾಡುವಂತಿಲ್ಲ. ಯುರೋಪಿನ 2003ರ ಕೆಲಸದ ಅವಧಿ ನಿರ್ದೇಶನದಲ್ಲಿ ವಾರಕ್ಕೆ 48 ಎಂಬ ಮಿತಿಯನ್ನು ನಾಲ್ಕು ತಿಂಗಳವರೆಗಿನ ಸರಾಸರಿಯಲ್ಲಿ ನೋಡಲು ಅವಕಾಶವಿದೆ. ಆದರೆ ಅದು ಒಬ್ಬರನ್ನು ಎಷ್ಟು ದುಡಿಸಬಹುದು ಎಂಬ ಮಿತಿ. ಓಟಿಗೆ ಎಷ್ಟು ಹಣ ಎಂಬುದು ಬೇರೆ ವಿಚಾರ. ಈ ಎರಡನ್ನು ಕಲಸಿ ಮಾತಾಡುವವರಿದ್ದಾರೆ, ಹುಷಾರಾಗಿರಬೇಕು.

ರಾತ್ರಿ ಪಾಳಿಯವರಿಗೆ ನಡುರಾತ್ರಿಯೇ ಒಂದು ಸಮಸ್ಯೆ. ರಾತ್ರಿ 10ಕ್ಕೆ ಒಳಗೆ ಹೋಗಿ ಬೆಳಿಗ್ಗೆ 10ಕ್ಕೆ ಹೊರಗೆ ಬಂದರೆ 12 ಗಂಟೆ. ಹಾಜರಿ ತಂತ್ರಾಂಶ ತಾರೀಖು ಬದಲಾದಲ್ಲಿ ಅದನ್ನು ಕತ್ತರಿಸಿದರೆ ಒಂದು ದಿನಕ್ಕೆ 2, ಇನ್ನೊಂದು ದಿನಕ್ಕೆ 10. ಆ ಒಂದು ರಾತ್ರಿ ಮಾತ್ರ ದುಡಿದಿದ್ದರೆ 9 ಮೀರಿದ್ದು ಕೇವಲ ಒಂದು ಗಂಟೆ ಎಂದು ಕಾಣುತ್ತದೆ, ನಿಜಕ್ಕೆ ಮೂರು. ಭಾರತದ ಕಾರ್ಖಾನೆ ಕಾಯ್ದೆ ಇದಕ್ಕೆಂದೇ ಒಂದು ಕಲಮು ಇಟ್ಟಿತ್ತು: ಪಾಳಿ ನಡುರಾತ್ರಿ ದಾಟಿದರೆ ಆಮೇಲಿನ ಗಂಟೆಗಳನ್ನು ಹಿಂದಿನ ದಿನಕ್ಕೇ ಸೇರಿಸಬೇಕು. ದಣಿವಿಗೆ ತಾರೀಖು ಗೊತ್ತಿರುವುದಿಲ್ಲ, ನಿಯಮ ಅದನ್ನು ಅರ್ಥ ಮಾಡಿಕೊಂಡಿತ್ತು.

ಇನ್ನು ಕೆಲಸದ ಹೊತ್ತು ಶುರುವಾಗುವುದು ಎಲ್ಲಿಂದ? ಗೇಟಿನಿಂದಲೇ, ಯಂತ್ರದ ಮುಂದೆ ನಿಂತಾಗಿನಿಂದಲೇ? 1946ರಲ್ಲಿ ಮಿಷಿಗನ್‌ನ ಒಂದು ಮಡಕೆ ಕಾರ್ಖಾನೆಯ ಮೊಕದ್ದಮೆಯಲ್ಲಿ, ಒಳಗೆ ಬಂದು ತನ್ನ ಜಾಗಕ್ಕೆ ನಡೆಯುವ ಹೊತ್ತೂ ದುಡಿಮೆಯೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಮೊಕದ್ದಮೆಗಳ ಮಹಾಪೂರ ಬಂತು, ಮರುವರ್ಷವೇ ಸಂಸತ್ತು ಕಾಯ್ದೆ ತಂದು ಅದನ್ನು ಬಹುಪಾಲು ಹಿಂದಕ್ಕೆಳೆಯಿತು. 2005ರಲ್ಲಿ ಅದೇ ಕೋರ್ಟು, ಕೆಲಸಕ್ಕೆ ಅಗತ್ಯವಾದ ವಿಶೇಷ ರಕ್ಷಾ ಉಡುಪು ತೊಟ್ಟ ಮೇಲೆ ನಡೆಯುವ ಹೊತ್ತಿಗೆ ಹಣ ಕೊಡಬೇಕೆಂದಿತು. 2014ರಲ್ಲಿ, ಕೆಲಸ ಮುಗಿದ ಮೇಲೆ ಗೋದಾಮಿನ ಬಾಗಿಲಲ್ಲಿ ಮೈ ತಪಾಸಣೆಗೆ ಸಾಲಿನಲ್ಲಿ ಕಾಯುವ ಹೊತ್ತಿಗೆ ಹಣ ಕೊಡಬೇಕಿಲ್ಲ ಎಂದಿತು. ಈ ಕೊನೆಯದು ನನಗೆ ಒಪ್ಪಿಗೆಯಾಗುವುದಿಲ್ಲ. ಬಿಟ್ಟು ಹೋಗಲು ಸ್ವಾತಂತ್ರ್ಯವಿಲ್ಲದ ಹೊತ್ತನ್ನು ನನ್ನ ಹೊತ್ತು ಎಂದು ಹೇಗೆ ಹೇಳುವುದು? ಯುರೋಪಿನ ನ್ಯಾಯಾಲಯ 2015ರಲ್ಲಿ, ನಿಗದಿತ ಕಚೇರಿಯೇ ಇಲ್ಲದೆ ಊರೂರು ತಿರುಗಿ ಕೆಲಸ ಮಾಡುವವರ ವಿಷಯದಲ್ಲಿ ಬೇರೆ ದಾರಿ ಹಿಡಿಯಿತು. ಮನೆಯಿಂದ ಮೊದಲ ಗಿರಾಕಿಯವರೆಗಿನ, ಕೊನೆಯ ಗಿರಾಕಿಯಿಂದ ಮನೆಯವರೆಗಿನ ಪ್ರಯಾಣವನ್ನೂ ಕೆಲಸದ ಹೊತ್ತೆಂದು ಎಣಿಸಿತು.

ನಿಮಿಷವೆಂದರೆ ದಶಾಂಶವಲ್ಲ

ಮತ್ತೆ ಚೀಟಿಗೆ ಬನ್ನಿ. ಓಟಿ ಗಂಟೆ 18.45. ಹಾಜರಿ ಪುಸ್ತಕದಲ್ಲಿ ಇದ್ದದ್ದು 18 ಗಂಟೆ 45 ನಿಮಿಷ. ಯಾರೋ ಅದನ್ನು ನಡುವೆ ಚುಕ್ಕಿ ಇಟ್ಟು ಹಾಗೇ ಕಂಪ್ಯೂಟರಿಗೆ ಹಾಕಿದ್ದಾರೆ. ಕಂಪ್ಯೂಟರಿಗೆ 18.45 ಎಂದರೆ ಹದಿನೆಂಟು ಗಂಟೆ, ಮತ್ತು ಒಂದು ಗಂಟೆಯ ನೂರರಲ್ಲಿ ನಲವತ್ತೈದು ಪಾಲು, ಅಂದರೆ 27 ನಿಮಿಷ. 18 ನಿಮಿಷ ಅಲ್ಲೇ ಕರಗಿತು. 45 ನಿಮಿಷವನ್ನು 60ರಿಂದ ಭಾಗಿಸಿದರೆ 0.75; ಬರೆಯಬೇಕಾದದ್ದು 18.75.

ಒಂದು ಸಲಕ್ಕೆ ಇದು ಚಿಕ್ಕದು. ಆದರೆ ದಿನವೂ 45 ನಿಮಿಷ ಹೆಚ್ಚು ದುಡಿಯುವವರ ಪ್ರತಿದಿನದ ಸಾಲಿನಲ್ಲೂ 0.45 ಎಂದು ಬಿದ್ದರೆ 20 ದಿನಕ್ಕೆ 9 ಗಂಟೆ ಆಗುತ್ತದೆ. ನಿಜವಾಗಿ ದುಡಿದದ್ದು 15. ಗಂಟೆಗೆ 200ರ ಓಟಿ ದರವಾದರೆ 3,000 ಬರಬೇಕಾದಲ್ಲಿ 1,800. ಯಾರಿಗೂ ಮೋಸ ಮಾಡುವ ಮನಸ್ಸಿಲ್ಲದೆಯೇ ಐದರಲ್ಲಿ ಎರಡು ಪಾಲು ಹೋಯಿತು. ನಿಮ್ಮ ಚೀಟಿಯಲ್ಲಿ .15, .30, .45 ಎಂಬ ಬಾಲಗಳೇ ಮತ್ತೆ ಮತ್ತೆ ಕಂಡರೆ, .25, .50, .75 ಎಂದೂ ಕಾಣದಿದ್ದರೆ, ಇದೇ ರೋಗವಿರಬಹುದು ಎಂದು ಅನುಮಾನಿಸಿ.

ಪಂಚ್ ಮಾಡಿದ ಹೊತ್ತನ್ನು ಕಾಲು ಗಂಟೆಗೆ ಸರಿಹೊಂದಿಸುವುದು ಇನ್ನೊಂದು. ಅಮೆರಿಕದ ನಿಯಮದಲ್ಲಿ 7 ನಿಮಿಷದವರೆಗೆ ಬಿಡಬಹುದು, 8 ಆದರೆ 15 ಎಂದು ಹಿಡಿಯಬೇಕು. ಆದರೆ ಕಾಲಕ್ರಮದಲ್ಲಿ ಎರಡೂ ಕಡೆಗೆ ಸರಿಸಮವಾಗಿರಬೇಕು ಎಂಬುದು ಷರತ್ತು. ಬರುವಾಗ ಮುಂದಕ್ಕೆ, ಹೋಗುವಾಗ ಹಿಂದಕ್ಕೆ ಮಾತ್ರ ಸರಿಸುವ ಯಂತ್ರ ಈ ಷರತ್ತನ್ನು ಪಾಲಿಸುವುದಿಲ್ಲ. ದಿನಕ್ಕೆ 12 ನಿಮಿಷ ಬಿಟ್ಟರೆ 25 ದಿನಕ್ಕೆ ಐದು ಗಂಟೆ. ಈಗ ಪಂಚ್ ಯಂತ್ರಕ್ಕೆ ಸೆಕೆಂಡಿನ ಲೆಕ್ಕವೂ ಗೊತ್ತು. ಸರಿಹೊಂದಿಸುವ ಅಗತ್ಯವೇ ಉಳಿದಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಂಬಳವನ್ನು ಎಷ್ಟರಿಂದ ಭಾಗಿಸಬೇಕು?

ಈಗ ಚೀಟಿಯ ದೊಡ್ಡ ತೂತಿಗೆ ಬಂದೆವು. ದಿನಗೂಲಿಯವರಿಗೆ, ಗಂಟೆ ಲೆಕ್ಕದವರಿಗೆ ಈ ಕಷ್ಟವಿಲ್ಲ. ತಿಂಗಳ ಸಂಬಳದವರ ಗಂಟೆಯ ದರ ಎಲ್ಲೂ ಬರೆದಿರುವುದಿಲ್ಲ, ಅದನ್ನು ಹುಟ್ಟಿಸಬೇಕು.

20,800ನ್ನು 30 ದಿನ, 8 ಗಂಟೆ, ಅಂದರೆ 240ರಿಂದ ಭಾಗಿಸಿದರೆ 86.67. 26 ದಿನ, 8 ಗಂಟೆ, ಅಂದರೆ 208ರಿಂದ ಭಾಗಿಸಿದರೆ 100. ವಾರಕ್ಕೆ 40 ಗಂಟೆಯ ಕಡೆ 173.33 ಗಂಟೆಯಿಂದ ಭಾಗಿಸುತ್ತಾರೆ (ಚೀಟಿಯ ದರವೂ ಇದೇ ಅಂಕಿಯಾಗಿರುವುದು ಕಾಕತಾಳೀಯ), ಆಗ 120. ಒಂದೇ ಸಂಬಳಕ್ಕೆ ಮೂರು ದರ. ಮೇಲಿನ ದುಪ್ಪಟ್ಟು, ಒಂದೂವರೆ ಎಲ್ಲ ಆಮೇಲಿನ ಮಾತು.

208, 173.33 ಎಂಬ ಅಂಕಿಗಳು ಆಕಾಶದಿಂದ ಬಿದ್ದವಲ್ಲ. ವರ್ಷಕ್ಕೆ 52 ವಾರ, ವಾರಕ್ಕೆ 48 ಗಂಟೆ, ಒಟ್ಟು 2,496. ಅದನ್ನು 12 ತಿಂಗಳಿಗೆ ಹಂಚಿದರೆ 208. 26 ಗುಣಿಸು 8 ಕೂಡ 208. ಹೀಗೆ 26 ಎಂಬುದು ಆರು ದಿನದ ವಾರದ ಸರಾಸರಿ ತಿಂಗಳು. ವಾರಕ್ಕೆ 40 ಗಂಟೆಯಾದರೆ ವರ್ಷಕ್ಕೆ 2,080, ತಿಂಗಳಿಗೆ 173.33. ಇವೆರಡರ ಒಳಗೂ ಇರುವುದು ಒಂದೇ ತತ್ವ: ಆ ಸಂಬಳಕ್ಕೆ ನೀವು ಎಷ್ಟು ಗಂಟೆ ದುಡಿಯಬೇಕೋ ಅಷ್ಟರಿಂದ ಭಾಗಿಸಬೇಕು.

240ರಲ್ಲಿ ವಾರದ ರಜೆಗಳೂ ಎಂಟೆಂಟು ಗಂಟೆಯ ದುಡಿಮೆಯ ದಿನಗಳಾಗಿ ಸೇರಿಕೊಂಡಿವೆ. ಅದಕ್ಕೆ ಒಂದು ಸಮರ್ಥನೆಯೂ ಇದೆ, ಅದನ್ನು ತಳ್ಳಿಹಾಕದೆ ನೋಡಬೇಕು: ತಿಂಗಳ ಸಂಬಳ ರಜೆಯ ದಿನಕ್ಕೂ ಸೇರಿದ್ದಲ್ಲವೇ? ಸೇರಿದ್ದೇ. ಆದರೆ ನಾವು ಹುಡುಕುತ್ತಿರುವುದು ದುಡಿದ ಒಂದು ಗಂಟೆಯ ಬೆಲೆಯನ್ನು. ಆ ದಿನ ಯಾರೂ ಎಂಟು ಗಂಟೆ ದುಡಿಯಲಿಲ್ಲ. ದುಡಿಯದ ಗಂಟೆಗಳನ್ನು ಛೇದಕ್ಕೆ ಸೇರಿಸಿದರೆ ದುಡಿದ ಗಂಟೆ ಅಗ್ಗವಾಗುತ್ತದೆ. ಭಾರತದಲ್ಲಿ ಗ್ರಾಚ್ಯುಟಿಯ ವಿಷಯದಲ್ಲಿ ಇದೇ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. 1980ರ ದಿಗ್ವಿಜಯ ವುಲನ್ ಮಿಲ್ಸ್ ತೀರ್ಪಿನಲ್ಲಿ ಕೋರ್ಟು 26ರಿಂದ ಭಾಗಿಸುವುದನ್ನೇ ಒಪ್ಪಿತು, 1987ರಲ್ಲಿ ಕಾಯ್ದೆಯಲ್ಲೇ 26 ಎಂದು ಸೇರಿಸಿದರು. ಗ್ರಾಚ್ಯುಟಿ ಬೇರೆ, ಓಟಿ ಬೇರೆ. ಆದರೆ ತಿಂಗಳ ಸಂಬಳ ಎಷ್ಟು ದಿನದ ದುಡಿಮೆಯ ಫಲ ಎಂಬ ಪ್ರಶ್ನೆ ಎರಡರಲ್ಲೂ ಒಂದೇ.

ನಿಮ್ಮ ಕೆಲಸದ ಜಾಗದಲ್ಲಿ ಯಾವ ಛೇದ ಹಾಕುತ್ತಾರೆ ಎಂದು ತಿಳಿಯಲು ಒಂದು ಸುಲಭ ದಾರಿಯಿದೆ. ಒಂದು ದಿನ ಸಂಬಳವಿಲ್ಲದ ರಜೆ ಹಾಕಿದಾಗ ಎಷ್ಟು ಕಡಿದರು, ನೋಡಿ. 800 ಕಡಿದಿದ್ದರೆ ಅದು 20,800ನ್ನು 26ರಿಂದ ಭಾಗಿಸಿದ್ದು. ಕಡಿಯುವಾಗ ಒಂದು ದಿನ 800 ರೂಪಾಯಿಯದು, ಓಟಿ ಕೊಡುವಾಗ ಅದೇ ದಿನ 693ರದು ಎಂದಾದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಕೇಳಿ.

ಭಾಗಿಸುವ ಅಂಕಿಯಷ್ಟೇ ಅಲ್ಲ, ಯಾವ ಮೊತ್ತವನ್ನು ಭಾಗಿಸಿದರು ಎಂಬುದೂ ಮುಖ್ಯ. 20,800ರಲ್ಲಿ ಬೇಸಿಕ್ (ಮೂಲ ವೇತನ) 15,600, ಉಳಿದದ್ದು ಡಿಎ (ತುಟ್ಟಿಭತ್ಯೆ) ಮತ್ತಿತರ ಭತ್ಯೆ ಎನ್ನೋಣ. ಬೇಸಿಕ್ ಒಂದನ್ನೇ 208ರಿಂದ ಭಾಗಿಸಿದರೆ ಗಂಟೆಗೆ 75, ದುಪ್ಪಟ್ಟು 150. ಪೂರ್ತಿ ತೆಗೆದುಕೊಂಡರೆ 200. ಕಾರ್ಖಾನೆ ಕಾಯ್ದೆ ‘ಸಾಮಾನ್ಯ ವೇತನ ದರ’ ಎಂದರೆ ಬೇಸಿಕ್ ಜೊತೆಗೆ ಭತ್ಯೆಗಳು, ಬೋನಸ್ ಮತ್ತು ಓಟಿ ಮಾತ್ರ ಹೊರಗೆ ಎಂದು ಬರೆದಿತ್ತು. ಬೇಸಿಕ್ ದುಪ್ಪಟ್ಟು ಮಾಡಿ ‘ಡಬಲ್ ಕೊಟ್ಟಿದ್ದೇವೆ’ ಎಂದರೆ ಅದು ಕೊಡಬೇಕಾದ ಡಬಲ್ ಅಲ್ಲ. ನಮ್ಮ ಈ ಲೆಕ್ಕದಲ್ಲಿ ಅದು ನಿಜವಾದ ದರದ ಒಂದೂವರೆ ಪಟ್ಟಷ್ಟೇ.

ಬೋನಸ್, ಪೀಸ್ ರೇಟ್ ಮತ್ತು ಕುಗ್ಗುವ ದರ

ಒಂದೂವರೆ ಪಟ್ಟಿನ ಲೆಕ್ಕವನ್ನು ಎರಡು ರೀತಿ ಬರೆಯಬಹುದು. ಗಂಟೆಗೆ 120, ವಾರದ ಮಿತಿ 40, ದುಡಿದದ್ದು 48. ಮೊದಲ ರೀತಿ: 40 ಗಂಟೆಗೆ 120ರಂತೆ 4,800, ಮಿಕ್ಕ 8ಕ್ಕೆ 180ರಂತೆ 1,440, ಒಟ್ಟು 6,240. ಎರಡನೇ ರೀತಿ: 48 ಗಂಟೆಗೂ ಮಾಮೂಲಿ 120ರಂತೆ 5,760, ಆಮೇಲೆ 8 ಗಂಟೆಗೆ ಹೆಚ್ಚುವರಿ ಅರ್ಧ, ಅಂದರೆ 60ರಂತೆ 480, ಒಟ್ಟು ಅದೇ 6,240. ಉತ್ತರ ಒಂದೇ ಆದರೂ ಎರಡನೆಯದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ದರ ಸ್ಥಿರವಾಗಿಲ್ಲದ ಕಡೆಯಲ್ಲೆಲ್ಲ ಅದೇ ಕೈಹಿಡಿಯುವುದು.

ಆ ವಾರ ಉತ್ಪಾದನೆ ಗುರಿ ಮುಟ್ಟಿದ್ದಕ್ಕೆ 480 ರೂಪಾಯಿ ಬೋನಸ್ ಬಂತು ಎನ್ನಿ. ಇಷ್ಟು ಮಾಡಿದರೆ ಇಷ್ಟು ಎಂದು ಮೊದಲೇ ಮಾತು ಕೊಟ್ಟ ಬೋನಸ್ಸು ಅಮೆರಿಕದ ಲೆಕ್ಕದಲ್ಲಿ ಕೂಲಿಯ ಭಾಗವೇ. 5,760ಕ್ಕೆ 480 ಸೇರಿ 6,240; ಅದನ್ನು 48ರಿಂದ ಭಾಗಿಸಿದರೆ ಗಂಟೆಗೆ 130. ಅದರ ಅರ್ಧ 65, ಎಂಟು ಗಂಟೆಗೆ 520. ಒಟ್ಟು 6,760. ಬೋನಸ್ಸನ್ನು ಲೆಕ್ಕದ ಹೊರಗೆ ಇಟ್ಟು ಕೊನೆಯಲ್ಲಿ ಸೇರಿಸಿದ್ದರೆ 6,720 ಆಗುತ್ತಿತ್ತು, 40 ಕಡಿಮೆ. ಮಾಲೀಕರು ತಾವಾಗಿ ಮನಸ್ಸು ಬಂದು ಕೊಟ್ಟ ಉಡುಗೊರೆ ಮಾತ್ರ ಇದರಲ್ಲಿ ಸೇರುವುದಿಲ್ಲ. ಬೋನಸ್ಸನ್ನು ಪೂರಾ ಹೊರಗಿಟ್ಟ ಭಾರತದ ನಿಯಮ ಬೇರೆ. ಯಾವ ಕಾನೂನಿನ ಕೆಳಗಿದ್ದೀರಿ ಎಂದು ನೋಡಿಕೊಂಡೇ ಲೆಕ್ಕಕ್ಕೆ ಇಳಿಯಬೇಕು.

ಒಂದೇ ವಾರದಲ್ಲಿ ಎರಡು ದರದ ಕೆಲಸ ಮಾಡಿದವರಿಗೂ ಇದೇ ದಾರಿ. 30 ಗಂಟೆ 100ರಂತೆ, 18 ಗಂಟೆ 140ರಂತೆ; ಒಟ್ಟು 5,520, ಗಂಟೆಗೆ 115. ಎಂಟು ಗಂಟೆಗೆ ಅರ್ಧ ದರ 57.50ರಂತೆ 460 ಸೇರಿಸಿ 5,980.

ಪೀಸ್ ರೇಟಿನವರಿಗೆ ಓಟಿಯೇ ಇಲ್ಲ ಎಂಬ ಮಾತು ಬಹಳ ಕಡೆ ಓಡಾಡುತ್ತದೆ. ಅದು ತಪ್ಪು. ಪೀಸಿಗೆ 6ರಂತೆ ವಾರದಲ್ಲಿ 960 ಪೀಸು ಮಾಡಿದರೆ 5,760. ದುಡಿದ 48 ಗಂಟೆಯಿಂದ ಭಾಗಿಸಿದರೆ 120, ಅಲ್ಲಿಂದ ಮುಂದೆ ಮೇಲಿನಂತೆಯೇ. ಭಾರತದ ಕಾರ್ಖಾನೆ ಕಾಯ್ದೆ ಹಿಂದಿನ ತಿಂಗಳನ್ನು ನೋಡುತ್ತಿತ್ತು. ಅದೇ ಕೆಲಸದಲ್ಲಿ ಹಿಂದಿನ ತಿಂಗಳು ಪೂರ್ತಿ ದುಡಿದ ದಿನಗಳ ಸರಾಸರಿ ಗಳಿಕೆ, ಓಟಿ ಬಿಟ್ಟು. 24 ದಿನಕ್ಕೆ 19,200 ಗಳಿಸಿದ್ದರೆ ದಿನಕ್ಕೆ 800, ಎಂಟು ಗಂಟೆಯ ದಿನವಾದರೆ ಗಂಟೆಗೆ 100, ಓಟಿಗೆ 200. ಹಿಂದಿನ ತಿಂಗಳನ್ನು ನೋಡುವುದರಲ್ಲಿ ಜಾಣತನವಿದೆ. ದಣಿದ ಗಂಟೆಗಳಲ್ಲಿ ಪೀಸು ಕಡಿಮೆ ಬರುತ್ತದೆ, ಆ ಇಳಿಕೆ ದರವನ್ನು ಇಳಿಸಬಾರದು.

ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸುವ ಲೆಕ್ಕ ಇನ್ನೊಂದಿದೆ. ವಾರಕ್ಕೆ 4,800 ಸಂಬಳ, ಗಂಟೆ ಎಷ್ಟಾದರೂ ಆಗಲಿ ಎಂದು ಒಪ್ಪಂದ. 48 ಗಂಟೆ ದುಡಿದರೆ ಗಂಟೆಗೆ 100 ಆಯಿತು, ಎಂಟು ಗಂಟೆಗೆ ಅರ್ಧ 50ರಂತೆ ಓಟಿ 400. 60 ಗಂಟೆ ದುಡಿದರೆ? 4,800ನ್ನು 60ರಿಂದ ಭಾಗಿಸಿ ಗಂಟೆಗೆ 80. ಅರ್ಧ 40ರಂತೆ 20 ಗಂಟೆಗೆ 800. ಒಟ್ಟು 5,600. ಅದೇ ಸಂಬಳ 40 ಗಂಟೆಗಷ್ಟೇ ಎಂದು ಒಪ್ಪಂದವಿದ್ದಿದ್ದರೆ ದರ 120, ಓಟಿ 180ರಂತೆ 20 ಗಂಟೆಗೆ 3,600, ಒಟ್ಟು 8,400. ಒಬ್ಬರೇ ಮನುಷ್ಯರು, ಅದೇ 60 ಗಂಟೆ, ವ್ಯತ್ಯಾಸ 2,800. ಹೆಚ್ಚು ದುಡಿದಷ್ಟೂ ಗಂಟೆಯ ಬೆಲೆ ಕುಗ್ಗುತ್ತ ಹೋಗುತ್ತದೆ. 1942ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಬಗೆಯ ಭಾಗಾಕಾರವನ್ನು ಒಪ್ಪಿತ್ತು, ಕೆಲವು ಷರತ್ತುಗಳೊಂದಿಗೆ ಅದು ಇಂದಿಗೂ ಅಲ್ಲಿ ಕೇಂದ್ರ ಕಾಯ್ದೆಯಡಿ ಸಿಂಧು. ಕ್ಯಾಲಿಫೋರ್ನಿಯಾ ಒಪ್ಪುವುದಿಲ್ಲ. ಹೆಚ್ಚು ದುಡಿಸುವುದನ್ನು ದುಬಾರಿ ಮಾಡಬೇಕೆಂದು ಹುಟ್ಟಿದ ನಿಯಮ ಇಲ್ಲಿ ಅದನ್ನು ಅಗ್ಗ ಮಾಡುತ್ತಿದೆ. ಕೆಲಸಕ್ಕೆ ಸೇರುವಾಗ ಕರಾರಿನಲ್ಲಿ ‘ಈ ಸಂಬಳ ಎಲ್ಲ ಗಂಟೆಗಳಿಗೂ ಸೇರಿ’ ಎಂಬ ಸಾಲು ಕಂಡರೆ ಅಲ್ಲೇ ನಿಂತು ‘ಎಷ್ಟು ಗಂಟೆಗೆ?’ ಎಂದು ಕೇಳಿ ಬರೆಸಿಕೊಳ್ಳಿ.

ಓಟಿ ನಿಯಮ ಯಾರಿಗೆ ಅನ್ವಯಿಸುವುದಿಲ್ಲ ಎಂಬುದು ತನ್ನದೇ ಒಂದು ಲೇಖನ ಬೇಡುವ ವಿಷಯ. ಇಷ್ಟು ಸಾಕು: ‘ಸೂಪರ್‌ವೈಸರ್’, ‘ಮ್ಯಾನೇಜರ್’ ಎಂದು ಹುದ್ದೆಗೆ ಹೆಸರಿಟ್ಟ ಮಾತ್ರಕ್ಕೆ ಓಟಿ ತಪ್ಪುವುದಿಲ್ಲ, ಮಾಡುವ ಕೆಲಸ ಏನೆಂದು ನೋಡುತ್ತಾರೆ. ವಿನಾಯಿತಿಯ ಪಟ್ಟಿಯನ್ನು ಎಷ್ಟು ಸೂಕ್ಷ್ಮವಾಗಿ ಓದಬೇಕೆಂಬುದಕ್ಕೆ ಅಮೆರಿಕದ ಮೇನ್ ರಾಜ್ಯದ ಹಾಲಿನ ಲಾರಿ ಚಾಲಕರ ಮೊಕದ್ದಮೆ ಸಾಕ್ಷಿ. ಕಾಯ್ದೆಯ ಪಟ್ಟಿಯ ಕೊನೆಯಲ್ಲಿ ಒಂದು ಅಲ್ಪವಿರಾಮ ಇರಲಿಲ್ಲ; ಆದ್ದರಿಂದ ‘ಹಂಚಿಕೆ’ ಪ್ರತ್ಯೇಕ ಕೆಲಸವೋ, ‘ಹಂಚಿಕೆಗಾಗಿ ಪ್ಯಾಕ್ ಮಾಡುವುದು’ ಎಂಬುದರ ಭಾಗವೋ ಎಂಬುದು ಸ್ಪಷ್ಟವಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಪರ ನಿಂತಿತು, ಮರುವರ್ಷ 50 ಲಕ್ಷ ಡಾಲರಿಗೆ ರಾಜಿಯಾಯಿತು.

ಸರ್ಕಾರವೇ ದರ ಇಳಿಸಲು ಹೋದ ಉದಾಹರಣೆಯೂ ಇದೆ. 2020ರ ಏಪ್ರಿಲ್‌ನಲ್ಲಿ ಗುಜರಾತ್ ಸರ್ಕಾರ, ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಬಹುದು, ಹೆಚ್ಚುವರಿ ಹೊತ್ತಿಗೆ ಮಾಮೂಲಿ ದರದ ಲೆಕ್ಕದಲ್ಲೇ ಕೂಲಿ ಎಂದು ಅಧಿಸೂಚನೆ ಹೊರಡಿಸಿತು. ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಆ ತಿಂಗಳುಗಳ ಓಟಿಯನ್ನು ಕಾಯ್ದೆಯಂತೆಯೇ ಕೊಡಬೇಕೆಂದು ಆದೇಶಿಸಿತು.

ಸ್ವಂತ ಪುಸ್ತಕ, ಮೂರು ಸಾಲಿನ ಅರ್ಜಿ

ಇಷ್ಟೆಲ್ಲ ಲೆಕ್ಕ ಗೊತ್ತಿದ್ದರೂ ಗಂಟೆಯ ದಾಖಲೆ ಇಲ್ಲದಿದ್ದರೆ ಕೈ ಕಟ್ಟಿದಂತೆ. ದಾಖಲೆ ಇಡುವುದು ಮಾಲೀಕರ ಹೊಣೆ. ಮೇಲೆ ಹೇಳಿದ 1946ರ ತೀರ್ಪಿನಲ್ಲಿ ಇಂದಿಗೂ ಉಳಿದಿರುವ ಭಾಗ ಇದೇ: ಮಾಲೀಕರು ದಾಖಲೆ ಇಟ್ಟಿಲ್ಲವಾದರೆ ಕಾರ್ಮಿಕರು ನ್ಯಾಯವಾದ ಅಂದಾಜು ತೋರಿಸಿದರೆ ಸಾಕು, ಅದು ಸುಳ್ಳೆಂದು ತೋರಿಸುವ ಭಾರ ಮಾಲೀಕರ ಮೇಲೆ. ಯುರೋಪಿನ ನ್ಯಾಯಾಲಯವೂ 2019ರಲ್ಲಿ, ದಿನದಿನದ ಕೆಲಸದ ಹೊತ್ತನ್ನು ಅಳೆಯುವ ವ್ಯವಸ್ಥೆಯನ್ನು ಮಾಲೀಕರು ಇಡಲೇಬೇಕು ಎಂದಿತು. ಆ ನ್ಯಾಯವಾದ ಅಂದಾಜಿಗೆ ಆಧಾರ ಬೇಕಲ್ಲ? ಅದಕ್ಕೇ ನಿಮ್ಮದೇ ಒಂದು ಚಿಕ್ಕ ಪುಸ್ತಕ ಬೇಕು. ತಾರೀಖು, ಒಳಗೆ ಹೋದ ಹೊತ್ತು, ಊಟದ ಬಿಡುವು, ಹೊರಗೆ ಬಂದ ಹೊತ್ತು, ಓಟಿಗೆ ನಿಲ್ಲಲು ಹೇಳಿದವರು ಯಾರು. ಅಂದಂದೇ ಬರೆಯಬೇಕು, ತಿಂಗಳ ಕೊನೆಗೆ ನೆನಪಿನಿಂದ ತುಂಬಿಸಿದ ಪುಸ್ತಕಕ್ಕೆ ಅಷ್ಟು ಬೆಲೆಯಿಲ್ಲ. ಹಳೆಯ ಬಾಕಿ ಕೇಳಲು ಅವಧಿಯೂ ಇದೆ. ಭಾರತದ ವೇತನ ಸಂಹಿತೆಯಲ್ಲಿ ಮೂರು ವರ್ಷ, ಅಮೆರಿಕದಲ್ಲಿ ಎರಡು, ಗೊತ್ತಿದ್ದೇ ಉಲ್ಲಂಘಿಸಿದ್ದರೆ ಮೂರು.

ಈಗ ಆ ಚೀಟಿಯನ್ನು ಹಿಂದಿನಿಂದ ಮುಂದಕ್ಕೆ ಬಿಡಿಸೋಣ. ದರ 173.33. ದುಪ್ಪಟ್ಟು ಎಂದಿದ್ದಾರೆ, ಹಾಗಾಗಿ ಒಂದು ಪಟ್ಟು 86.67. ಸಂಬಳ 20,800ನ್ನು 86.67ರಿಂದ ಭಾಗಿಸಿದರೆ 240. ಛೇದ ಸಿಕ್ಕಿತು, 30 ಗುಣಿಸು 8. ಆರು ದಿನದ ವಾರಕ್ಕೆ ಅದು 208 ಇರಬೇಕಿತ್ತು. ದರ 100, ದುಪ್ಪಟ್ಟು 200. ಗಂಟೆ 18.75. ಬರಬೇಕಾದದ್ದು 3,750. ಕಾಣೆಯಾದ 552ರಲ್ಲಿ 500 ಹೋದದ್ದು 30ರಿಂದ ಭಾಗಿಸಿದ್ದಕ್ಕೆ, ಮಿಕ್ಕ 52 ಹೋದದ್ದು ನಿಮಿಷವನ್ನು ದಶಾಂಶವೆಂದು ಬರೆದದ್ದಕ್ಕೆ.

ಸಂಬಳ ವಿಭಾಗಕ್ಕೆ ಕೊಡುವ ಅರ್ಜಿಯಲ್ಲಿ ದೂರು, ವಾದ ಯಾವುದೂ ಬೇಡ. ಹೀಗೆ ಬರೆದರೆ ಸಾಕು: ‘ಈ ತಿಂಗಳ ನನ್ನ ಓಟಿ 18 ಗಂಟೆ 45 ನಿಮಿಷ, ಅಂದರೆ 18.75 ಗಂಟೆ, ಚೀಟಿಯಲ್ಲಿ 18.45 ಎಂದಿದೆ. ಗಂಟೆಯ ದರವನ್ನು 240ರಿಂದ ಭಾಗಿಸಿದಂತೆ ಕಾಣುತ್ತದೆ. ರಜೆ ಕಡಿತಕ್ಕೆ 26 ದಿನದ ಲೆಕ್ಕ ಹಾಕುತ್ತೀರಿ, ಓಟಿಗೂ ಅದನ್ನೇ ಹಾಕಿದರೆ ದರ 100, ದುಪ್ಪಟ್ಟು 200 ಆಗುತ್ತದೆ. 18.75 ಗುಣಿಸು 200, ಒಟ್ಟು 3,750, ಬಂದದ್ದು 3,197.94, ಬಾಕಿ 552.06.’ ಕೆಳಗೆ ತಾರೀಖು ಹಾಕಿ ಸಹಿ ಮಾಡಿ, ಒಂದು ಪ್ರತಿ ನಿಮ್ಮ ಬಳಿ ಇಟ್ಟುಕೊಳ್ಳಿ.